ತುಕ್ಕು ಕೆರೆಯುವವನು

ಗ್ದಿನಿಯಾ ಬಂದರಿನಲ್ಲಿ ಮೂವತ್ತೊಂದು ವರ್ಷ
ಹಡಗುಗಳ ಹೊಟ್ಟೆಯಡಿ ಮಲಗಿ
ತುಕ್ಕು ಕೆರೆದವನು ವಿಟೋಲ್ಡ್.
ಉಪ್ಪುಗಾಳಿ ಬಿಡುವುದಿಲ್ಲ, ಅನ್ನುತ್ತಿದ್ದ,
ಸೋಮವಾರ ಕೆರೆದದ್ದು ಶುಕ್ರವಾರಕ್ಕೆ ಮತ್ತೆ ಕೆಂಪು.
ಅವನ ಅಂಗಿ ಒಗೆದಷ್ಟೂ
ಬೊಗುಮಿಲಾಳ ತೊಟ್ಟಿಯಲ್ಲಿ ಕಿತ್ತಳೆ ನೀರು.

ಈಗ ಅವನ ಬಲಗೈ
ಯಾರೂ ಹೇಳದೆಯೇ ಕೆರೆಯುತ್ತದೆ:
ಮೇಜಿನಂಚು, ಹೊದಿಕೆ, ಬರೀ ಗಾಳಿ.

ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು:
ನಡುಮಿದುಳಿನಲ್ಲಿ ಎರಡು ಕಪ್ಪು ಗೆರೆ,
ತೀಡಿದ ಕಾಡಿಗೆಯ ಹಾಗೆ.
ಅಲ್ಲಿ ಕಬ್ಬಿಣವಿದೆ. ಉಸಿರು ಉರಿಯುವಾಗಿನ ಕಿಡಿಯೂ ಇದೆ.
ಸಿಡಿದದ್ದನ್ನು ಆರಿಸುವ ಕೈ ಸೋತರೆ
ಕಾಡಿಗೆ ಅಳಿಯುತ್ತ ಬರುತ್ತದೆ, ಸದ್ದಿಲ್ಲದೆ,
ಮೊದಲ ನಡುಕಕ್ಕೆ ಮುನ್ನವೇ ಅರ್ಧಕ್ಕರ್ಧ.

ತುಕ್ಕೇ? ಕೇಳಿದಳು ಬೊಗುಮಿಲಾ.
ತುಕ್ಕು ಅಂತಲ್ಲ...
ಹಾಗೆಂದುಕೊಳ್ಳಿ ಬೇಕಾದರೆ.
ಅದು ಮೊದಲೋ, ಜೀವಕೋಶ ಸೋತದ್ದು ಮೊದಲೋ
ನಮಗೂ ಗೊತ್ತಿಲ್ಲ.
ವಿಟಮಿನ್ನು ಕೊಟ್ಟು ನೋಡಿದ್ದಾರೆ, ನಿಲ್ಲಲಿಲ್ಲ.

ವಿಟೋಲ್ಡ್ ನಕ್ಕ.
ಮುಖ ನಗಲಿಲ್ಲ, ಅದು ಹಲಗೆಯಾಗಿ ತಿಂಗಳಾಯಿತು,
ಕಣ್ಣು ಮಾತ್ರ.
ಕೆರೆಯದೆ ಬಣ್ಣ ಬಳಿದರೆ ನಿಂತೀತೇ, ಡಾಕ್ಟರೇ?
ಅಷ್ಟು ಹೇಳಲು ಅವನಿಗೆ
ಒಂದು ಇಡೀ ನಿಮಿಷ ಬೇಕಾಯಿತು.

ಟ್ರಾಲಿಬಸ್ಸಿನಲ್ಲಿ ಕಿಟಕಿ ತುಸು ತೆರೆದಿತ್ತು.
ಸಮುದ್ರದ ಗಾಳಿ.
ಅವಳು ಮುಚ್ಚಲು ಎದ್ದಳು.
ಇರಲಿ ಬಿಡು, ಅಂದ,
ಅದಿಲ್ಲದೆ ಬದುಕಿದವರುಂಟೇ.
ಮತ್ತೆ ಅವಳ ಕೋಟಿನ ತೋಳಂಚನ್ನು
ಉಗುರಿನಿಂದ, ಕಲಿತ ಕಸುಬಿನ ಶ್ರದ್ಧೆಯಿಂದ
ಕೆರೆಯತೊಡಗಿದ.
ಅವಳು ತೋಳು ಎಳೆದುಕೊಳ್ಳಲಿಲ್ಲ.