ಗೂಡು ಮಾರ್ಕೆಟ್ಟಿನ ಎದುರು, ಮಾಚಾ

ಬಿಳಿ ಹಾಳೆಯ ಮೇಲೆ ಎರಡು ಪುಡಿ.
ಒಂದು ಚಿಂತಾಮಣಿಯ ಏಜೆಂಟ್ ಕೊಟ್ಟದ್ದು, ಕಿಲೋಗೆ ಒಂಬೈನೂರು.
ಇನ್ನೊಂದು ಜಪಾನಿನ ಪುಟ್ಟ ಡಬ್ಬಿ,
ಬೆಲೆ ಅಬ್ಬಾಗೆ ಹೇಳಿಲ್ಲ.

ನಂದಿಬೆಟ್ಟ ಇಳಿದು ಶಿಡ್ಲಘಟ್ಟದ ಕಡೆ ತಿರುಗುವ ಹುಡುಗರು
ಹೆಲ್ಮೆಟ್ ಮೇಜಿನ ಮೇಲಿಟ್ಟು ಈಗ ಅದನ್ನೇ ಕೇಳುತ್ತಾರೆ.
ಹಾಲು, ಸಕ್ಕರೆ, ಐಸು ಬಿದ್ದಮೇಲೆ
ಯಾವ ನಾಲಗೆಗೆ ಗೊತ್ತಾಗುತ್ತಮ್ಮಾ,
ಏಜೆಂಟ್ ನಕ್ಕಿದ್ದ.

ನಲವತ್ತು ವರ್ಷ ಗೂಡು ಕಿವಿಗೆ ಹಿಡಿದು ಅಲ್ಲಾಡಿಸಿದ ಅಬ್ಬಾ
ಕನ್ನಡಕವನ್ನೂ ಹಾಕಲಿಲ್ಲ.
ಅಗ್ಗದ್ದನ್ನು ಬೆರಳಲ್ಲಿ ಎಳೆದರು:
ಗೀರು ನಡುವೆಯೇ ಮುರಿಯಿತು,
ಹಳದಿ, ಒಣಹುಲ್ಲಿನ ವಾಸನೆ.
ಇನ್ನೊಂದು ಕಾಡಿಗೆಯ ಹಾಗೆ ಉದ್ದಕ್ಕೂ ಜಾರಿತು.

"ನೆರಳು ಕಟ್ಟಿ ಬೆಳೆಸಿದ ಎಲೆ" ಅಂದೆ.
ಹೂಂ ಅನ್ನಲಿಲ್ಲ.
"ಹುಳು ಸಾಕುವಾಗ, ಒಂದು ರಾತ್ರಿ ಬಲಿತ ಸೊಪ್ಪು ಹಾಕಿದ್ದೆ.
ಮುಟ್ಟದೆ ತಲೆ ಎತ್ತಿ ನಿಂತವು, ತಟ್ಟೆ ತುಂಬ.
ಗಿರಾಕಿಗೆ ಅಷ್ಟು ಬುದ್ಧಿ ಇದೆಯಾ, ನೂರ್‌ಆಯಿಷಾ?"

ಬೋರ್ಡಿನಲ್ಲಿ ಬೆಲೆ ಅಳಿಸಿ ಬರೆದೆ, ಮುನ್ನೂರ ನಲವತ್ತು.
ಮಧ್ಯಾಹ್ನದವರೆಗೆ ಬಂದವನು ಒಬ್ಬನೇ.
ಮೊದಲ ಗುಟುಕಿಗೆ ತಲೆ ಎತ್ತಿದ.
ಬಟ್ಟೆ ಹಿಂಡುತ್ತಿದ್ದ ನನ್ನ ಕೈ ನಿಂತಿತು.

ಮತ್ತೆ ಬಟ್ಟಲಿಗೆ ಬಗ್ಗಿದ.