ಗುಡಾರ ಎದ್ದ ಜಾಗ

ನರಿನ್ ಪಟ್ಟಣದಿಂದ ದಕ್ಷಿಣಕ್ಕೆ, ಮರಗಳು ಮುಗಿದ ಮೇಲೂ
ಇನ್ನೂ ಏರಿ ಏರಿ
ನಾನು ನೋಡಲು ಬಂದದ್ದು ಕಲ್ಲಿನ ಛತ್ರ.
ರೇಷ್ಮೆ ಹೊತ್ತ ಒಂಟೆಗಳು ಮೊಣಕಾಲೂರಿದ ಅಂಗಳ,
ಗೋಡೆಗಂಟಿದ ಮಸಿ, ತೂತು ಬಿದ್ದ ಗುಮ್ಮಟ,
ಬಾವಿಯೋ ಸೆರೆಮನೆಯೋ ಎಂದು
ಯಾರೂ ಇತ್ಯರ್ಥ ಮಾಡದ ಒಂದು ಕುಳಿ.
ಬೀಗದ ಕೈ ಕಾಯುವ ಜೆನಿಶ್‌ಗುಲ್
ಟಿಕೆಟ್ಟು ಹರಿದು ಕೊಟ್ಟು ಕಾಲುಚೀಲ ಹೆಣೆಯುತ್ತ ಕೂತಳು.
ಅರ್ಧ ಗಂಟೆಯಲ್ಲಿ ಚರಿತ್ರೆ ಮುಗಿಯಿತು.
ಒಳಗೆ ಭಯಂಕರ ಚಳಿ.

ಹೊರಗೆ, ತೊರೆಯಾಚೆ,
ಬುರುಲ್ಚಾ ಅಜ್ಜಿ ಮನೆ ಬಿಚ್ಚುತ್ತಿದ್ದಳು.

ಬಿಚ್ಚುವುದೆಂದರೆ ಬಿಚ್ಚುವುದೇ, ಜಡೆ ಬಿಚ್ಚಿದ ಹಾಗೆ.
ನನ್ನ ಮಾತಿನಲ್ಲೂ ಮನೆಯನ್ನು ಕಟ್ಟುತ್ತೇವೆ,
ಒಂದು ಮೊಳ ಹಗ್ಗವಿಲ್ಲದೆ.
ಇಲ್ಲಿ ನಿಜಕ್ಕೂ ಕಟ್ಟಿದ್ದರು.
ಮನೆ ಕಟ್ಟಿ ನೋಡು ಎಂದು ಹೆದರಿಸುವ ಜನರ ನಡುವೆ ಬೆಳೆದವಳು ನಾನು;
ಇವಳು ಬೇಸಿಗೆಗೊಂದರಂತೆ
ಐವತ್ತಾರು ಸಲ ಕಟ್ಟಿ ನೋಡಿದ್ದಾಳೆ.

ಮೊದಲು ಹಗ್ಗ. ಆಮೇಲೆ ಕುರಿಯ ವಾಸನೆಯ ದಪ್ಪ ಕಂಬಳಿ.
ಆಮೇಲೆ ಬಣ್ಣದ ಉಣ್ಣೆ ಸುತ್ತಿದ ಜೊಂಡಿನ ಚಾಪೆ,
ಕೆಂಪು ಬಳಿದ ಗಳಗಳು, ಮಡಚುವ ಜಾಲರಿ ಗೋಡೆ.
ನನಗೂ ಒಂದು ಹಗ್ಗದ ತುದಿ ಕೊಟ್ಟರು,
ಮರುಕ್ಷಣವೇ ಕಸಿದುಕೊಂಡರು.
ಉಲ್ಟಾ ಸುತ್ತುತ್ತಿದ್ದೆನಂತೆ.
ಬದಲಿಗೆ ಕೈಗೆ ಕುಮಿಸ್ ಬಟ್ಟಲು ಬಂತು,
ಹೊಗೆಯ ರುಚಿಯ ಹುಳಿ ಕುದುರೆಹಾಲು.
ಎರಡು ಗುಟುಕಿಗೆ ಬೆಟ್ಟ ಸ್ವಲ್ಪ ಪಕ್ಕಕ್ಕೆ ಸರಿಯಿತು.

ಮೊಮ್ಮಗ ಎಲ್ದಿಯಾರ್ ತುಂದುಕ್ ಇಳಿಸಿದ,
ಹೊಗೆ ಹೋಗುವ, ಆಕಾಶ ಬರುವ ಆ ಮರದ ಬಳೆ.
ಅದನ್ನು ಮಾತ್ರ ನೆಲಕ್ಕೆ ಮುಟ್ಟಿಸಲಿಲ್ಲ.
ಮುತ್ತಜ್ಜನ ಕಾಲದ ಮಸಿ ಅದರ ಮೇಲೆ;
ನಾನು ಸವರಿದ ಬೆರಳು ಕಪ್ಪಾಯಿತು,
ಒರೆಸಿಕೊಳ್ಳುವುದೋ ಬೇಡವೋ ತಿಳಿಯಲಿಲ್ಲ.

ಎರಡು ಗಂಟೆಯೊಳಗೆ ಎಲ್ಲ ಲಾರಿಯಲ್ಲಿತ್ತು.
ಒಲೆ, ಸೋಲಾರ್ ಹಲಗೆ, ಕಾಲು ಕಟ್ಟಿದ ಒಂದು ಮೇಕೆ.
ಗೋಡೆ ಗಡಿಯಾರ ಮಾತ್ರ ಅಜ್ಜಿಯ ಮಡಿಲಲ್ಲಿ,
ಇನ್ನೂ ಟಿಕ್ಕೆನ್ನುತ್ತ.

ಉಳಿದದ್ದು ಹುಲ್ಲಿನಲ್ಲಿ ಒಂದು ಹಳದಿ ಸುತ್ತು,
ಪಟ್ಟಿ ಬಿಚ್ಚಿದ ಗಾಯದ ಚರ್ಮದ ಹಾಗೆ ಬಿಳಿಚಿಕೊಂಡು.

'ಮುಂದಿನ ವರ್ಷ ಇಲ್ಲಿ ಹಾಕುವುದಿಲ್ಲ,
ಹುಲ್ಲಿಗೂ ನಿದ್ದೆ ಬೇಕು.
ಹದಿನೈದು ಹೆಜ್ಜೆ ಆಚೆ.'
ಆಮೇಲೆ ಗದ್ದದಿಂದಲೇ ತೋರಿಸುತ್ತ ಹೋದಳು,
ನನಗೆ ಬರೀ ಹಸಿರು ಕಂಡ ಕಡೆಯೆಲ್ಲ:
'ಅದರಲ್ಲಿ ಐಜಾನ್ ಹುಟ್ಟಿದ್ದು.
ಅದು ಜುಲೈನಲ್ಲಿ ಹಿಮ ಬಿದ್ದದ್ದು, ಎಂಬತ್ತು ಕುರಿ ಹೋದವು.
ಅದು…'

ಉಳಿದದ್ದನ್ನು ಎಲ್ದಿಯಾರ್ ಹೇಳಿದ.
ತಾತ ಅಸಾನ್‌ಕುಲ್ ಅದರಲ್ಲಿ ಎರಡು ರಾತ್ರಿ ಮಲಗಿದ್ದ,
ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿ ಅತ್ತರು,
ಹೊರಗೆ ಗಂಡಸರು ಕೋಲಿಗೆ ಬಾಗಿ ನಿಂತಿದ್ದರು.
ಅಜ್ಜಿ ನಡುವೆ ಬಾಯಿ ಹಾಕಿದಳು:
'ಮಾರನೇ ವರ್ಷ ಕುದುರೆಗಳು
ಮೊದಲು ಮೇಯ್ದದ್ದು ಆ ಸುತ್ತನ್ನೇ. ಸಿಹಿ ಇದ್ದಿರಬೇಕು.'

ಲಾರಿ ಗುರ್ರೆಂದಿತು. ಅವಳು ಮತ್ತೆ ಇಳಿದಳು,
ಸುತ್ತಿನ ಅಂಚಿನಿಂದ ಒಂದು ಗುಂಡಿಯನ್ನು ಹೆಕ್ಕಿ ಜೇಬಿಗೆ ಹಾಕಿದಳು.
'ನಿನ್ನ ಮನೆ?'
ಫೋನು ತೆಗೆದು ತೋರಿಸಿದೆ: ನಾಲ್ಕನೇ ಮಹಡಿ,
ಕಂದು ಬಾಗಿಲು, ಎರಡು ಬೀಗ.
ಅವಳು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು,
ಕೇಳಿದ್ದು ಒಂದೇ:
'ಅದರ ಕೆಳಗಿನ ಹುಲ್ಲು?'

ಆ ರಾತ್ರಿ ಜೆನಿಶ್‌ಗುಲ್‌ಳ ತಗಡಿನ ಗಾಡಿಯಲ್ಲಿ ಮಲಗಿದೆ.
ಬೆಳಿಗ್ಗೆ ಕಣಿವೆಯೆಲ್ಲ ಹೆಪ್ಪುಗಟ್ಟಿದ ಇಬ್ಬನಿ.
ಸುತ್ತು ಎಲ್ಲೂ ಕಾಣಲಿಲ್ಲ.
ಹೆಜ್ಜೆ ಎಣಿಸುತ್ತ ಹುಡುಕಿದೆ, ಹದಿಮೂರು, ಹದಿನಾಲ್ಕು,
ಎಲ್ಲಿಂದ ಎಣಿಸಬೇಕೆಂದೇ ಗೊತ್ತಿಲ್ಲದೆ.

ತೊರೆಯಾಚೆ ಛತ್ರದ ಬೀಗ ತೆಗೆಯುತ್ತ
ಜೆನಿಶ್‌ಗುಲ್ ಕೂಗಿದಳು:
ನಿನ್ನೆಯ ಟಿಕೆಟ್ಟು ಇವತ್ತು ನಡೆಯುವುದಿಲ್ಲ.