ನಲವತ್ತು ವ್ಯಾಟು

"ಬಿಳಿ ಬೆಳಕೋ, ಹಳದಿಯೋ?" ಕೇಳುತ್ತಾನೆ ಹುಡುಗ.
ಅಡುಗೆಮನೆಗೊಂದು ಬಲ್ಬು ಬೇಕಿತ್ತು, ಅಷ್ಟೇ.
ತೆಹರಾನಿನ ಈ ಲಾಲೆಝಾರ್ ಬೀದಿಯುದ್ದಕ್ಕೂ
ಹಾಡೇ ಇಲ್ಲದ ಹಾಡುಹಗಲಲ್ಲಿ
ಸಾವಿರ ತೂಗುದೀಪ ಉರಿಯುತ್ತವೆ
ಯಾರ ಮುಖಕ್ಕೂ ಅಲ್ಲ,
ತಂತಮ್ಮ ಬೆಲೆಚೀಟಿಗೆ ಬೆಳಕು ಹಿಡಿದು.

ಅವನ ಗಲ್ಲಾಪೆಟ್ಟಿಗೆ ಇರುವಲ್ಲೇ
ನನ್ನ ಅಡ್ಡಹಲಗೆ ಇತ್ತು.
ಹಿಂದೆ ಮೂರು ಸಾಲು ಕಬ್ಬಿಣದ ಕೊಕ್ಕೆ,
ಇನ್ನೂರ ಹತ್ತು ಹಿತ್ತಾಳೆ ಬಿಲ್ಲೆ.
ಕಾಫೆ ಶಬ್‌ನಮ್‌ನಲ್ಲಿ ಕೋಟು ಕಾಯುವವಳು ನಾನು, ಅಖ್ತರ್.
ಹನ್ನೊಂದು ಚಳಿಗಾಲ
ಕುಣಿತ ನೋಡಲಿಲ್ಲ, ಗೋಡೆಯಾಚೆಯಿಂದ ಕೇಳಿದೆ.
ಹೆಜ್ಜೆಯ ಭಾರದಲ್ಲೇ ತಿಳಿಯುತ್ತಿತ್ತು
ಈಗ ಬಂದವಳು ತೂರಾನ್,
ಇವತ್ತು ಅವಳ ಎಡ ಮೊಣಕಾಲು ನೋಯುತ್ತಿದೆ.

ಜನರನ್ನು ನಾನು ಕಂಡದ್ದು ಅಸ್ತರಿನ ಕಡೆಯಿಂದ.
ಹೊರಗೆ ವಿಲಾಯಿತಿ ಉಣ್ಣೆ, ಒಳಗೆ ಹೆಂಡತಿ ಹಾಕಿದ ತೇಪೆ.
ನ್ಯಾಯಾಧೀಶರ ಜೇಬಲ್ಲಿ ಹುರಿದ ಕಲ್ಲಂಗಡಿ ಬೀಜ.
ಒಬ್ಬ ಮೇಷ್ಟರು, ತಿಂಗಳಿಗೊಂದೇ ಸಲ, ಸಂಬಳದ ದಿನ,
ಬಿಚ್ಚಿದ ಕೋಟಿಗೆ ಮತ್ತೆ ಗುಂಡಿಯೆಲ್ಲ ಹಾಕಿ ಕೊಡುತ್ತಿದ್ದರು
ಒಳಗೆ ತಾವಿನ್ನೂ ಇದ್ದೇವೆ ಎನ್ನುವ ಹಾಗೆ.
ಅಕಾರ್ಡಿಯನ್ ನುಡಿಸುವ ಹ್ರಾಚ್ ಮಾತ್ರ ಬಿಲ್ಲೆ ಒಯ್ಯುತ್ತಿರಲಿಲ್ಲ:
"ನನ್ನದನ್ನು ಯಾರು ಕದ್ದಾರು ಅಖ್ತರ್,
ಅದರ ತೂತಿನಲ್ಲಿ ಗಾಳಿ ನುಡಿಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ."

ರಾತ್ರಿ ಎರಡಕ್ಕೆ
ಹಿಮದಲ್ಲಿ ಬೀಟ್‌ರೂಟ್ ಬೇಯಿಸುವವನ ಗಾಡಿಯ ಸುತ್ತ
ಕುಣಿದವರು, ಕುಡಿದವರು, ಗುಡಿಸಿದವರು
ಒಂದೇ ಆವಿಗೆ ಕೈ ಚಾಚುತ್ತಿದ್ದೆವು.
ತೂರಾನ್ ತುಟಿಯ ಕೆಂಪಿನಲ್ಲಿ
ಬಣ್ಣದ್ದೆಷ್ಟು, ಗೆಡ್ಡೆಯದೆಷ್ಟು, ಅವಳಿಗೇ ಗೊತ್ತಿರಲಿಲ್ಲ.

ಎಲ್ಲ ಚಂದವಿತ್ತು ಅನ್ನಲಾರೆ.
ಮೆಟ್ಟಿಲ ಕೆಳಗೆ ಅಳುವುದಕ್ಕೊಂದು ಜಾಗವಿತ್ತು,
ಹುಡುಗಿಯರು ಸರದಿಯ ಮೇಲೆ ಹೋಗುತ್ತಿದ್ದರು.
ಗ್ಲಾಸು ಒಡೆದರೆ ಸಂಬಳದಲ್ಲಿ ಕಡಿತ.
ಮಿಕ್ಕದ್ದು ಏನು ಒಡೆದರೂ ಮಾಲೀಕನ ಪುಸ್ತಕದಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಕೊನೆಯ ರಾತ್ರಿಗೆ ತಾನು ಕೊನೆಯದೆಂದು ಗೊತ್ತಿರಲಿಲ್ಲ.
ಹೊರಗೆ ಘೋಷಣೆ, ಟೈರು ಸುಟ್ಟ ನಾತ.
ಹಿಂಬಾಗಿಲಿನಿಂದ ಎಲ್ಲರೂ ಕೋಟಿಲ್ಲದೆ ಓಡಿದರು.
ಮರುದಿನ, ಅದರ ಮರುದಿನ, ತಲೆ ತಗ್ಗಿಸಿ ಒಬ್ಬೊಬ್ಬರೇ ಬಂದು
ತಂತಮ್ಮ ತೋಳು ತೊಟ್ಟು ಹೋದರು.
ಒಂದು ಉಳಿಯಿತು. ನೂರ ಮೂವತ್ತೆಂಟು.
ಬೂದುಬಣ್ಣದ್ದು,
ಗುಂಡಿಯೆಲ್ಲ ಹಾಕಿದ್ದು.

ನಲವತ್ತು ಚಿಲ್ಲರೆ ವರ್ಷ ನುಸಿಗುಳಿಗೆ ಇಟ್ಟು ಕಾದೆ.
ವರ್ಷಕ್ಕೊಮ್ಮೆ ಬಿಸಿಲಿಗೆ ಹಿಡಿದೆ.
ಜೇಬಿಗೆ ಕೈ ಹಾಕಿಲ್ಲ.
(ಬೇರೆಯವರ ಜೇಬು ನೋಡುತ್ತಿದ್ದೆ, ಸುಳ್ಳು ಯಾಕೆ.)

"ಹಳದಿ," ಅಂದೆ. "ಬಿಳಿಯದರಲ್ಲಿ ಎಲ್ಲ ಕಾಣುತ್ತದೆ."
ಹುಡುಗ ಬಲ್ಬು ತಿರುಗಿಸಿ ಹತ್ತಿಸಿದ, ಆರಿಸಿದ.
"ಸರಿಯಿದೆ, ಮಾದರ್‌ಜಾನ್."
ಗಂಟೆ ಏಳು. ಆಗೆಲ್ಲ ಬೀದಿ ಕಣ್ಣುಜ್ಜಿ ಏಳುವ ಹೊತ್ತು.
ಈಗ ಒಂದೊಂದೇ ಷಟರು ಬೀಳುತ್ತದೆ,
ಬೆಳಕು ಮಾರುವ ಬೀದಿಯ ಬುಡಕ್ಕೆ ಕತ್ತಲೆ.

ಅವನ ಜಾಕೆಟ್ಟು ಗೋಡೆಯ ಕೊಕ್ಕೆಯಲ್ಲಿತ್ತು.
ನಾಲ್ಕು ಸಲ ಬಣ್ಣ ಬಳಿಸಿಕೊಂಡರೂ ನನ್ನದೇ ಕೊಕ್ಕೆ, ತುದಿ ಸೊಟ್ಟಗಿನದು.
"ಅದೊಂದು ಇತ್ತ ಕೊಡ್ತೀರಾ?"
ಎತ್ತಿಕೊಂಡೆ. ಕೊರಳ ಹಿಡಿದು, ಭುಜ ಅಗಲಿಸಿ, ಎದುರಿಗೆ ಹಿಡಿದೆ.
ಯೋಚಿಸದೆಯೇ ಅವನು ಬೆನ್ನು ತಿರುಗಿಸಿ
ಎರಡೂ ಕೈ ತೂರಿಸಿದ.

ಆಮೇಲೆ ನನ್ನ ಅಂಗೈ
ತಾನಾಗಿಯೇ ಸ್ವಲ್ಪ ಮುಂದೆ ಬಂದು ನಿಂತುಬಿಟ್ಟಿತ್ತು.
ಬಲ್ಬಿನ ಚಿಲ್ಲರೆಗೆ ಅಂದುಕೊಂಡು
ಅವನು ಎಣಿಸಿ ಇಟ್ಟ.